ಮನಸ್ಸಿನ ಕಾಯಿಲೆಗೆ ಮೌನವೇ ಮದ್ದೆ?

ಎದೆನೋವು ಬಂದರೆ, ಮೂಳೆ ಮುರಿದರೆ ಹುಬ್ಬಳ್ಳಿ-ಧಾರವಾಡದ ನಮ್ಮ ಕುಟುಂಬಗಳು ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗೆ ಹಿಂಜರಿಯದೆ ಧಾವಿಸುತ್ತವೆ. ಆದರೆ ಮಗಳು ತಿಂಗಳುಗಟ್ಟಲೆ ಮಾತು ಬಿಟ್ಟು ಕುಳಿತರೆ? ಆಗ ತಾಯಿತ ಕಟ್ಟುವವರ ಮನೆಯ ದಾರಿ ನೆನಪಾಗುತ್ತದೆ. ‘ಜನ ಏನೆಂದಾರು, ಸಂಬಂಧ ಕೂಡಿಬರುವುದೇ’ ಎಂಬ ಭೀತಿ ಬಾಯಿ ಕಟ್ಟುತ್ತದೆ.

ಚಿಕಿತ್ಸೆ ನಮಗೆ ದೂರವೇನಿಲ್ಲ. ಇಂದಿನ ಡಿಮ್ಹಾನ್ಸ್‌ನ ಮೂಲವಾದ ಮಾನಸಿಕ ಆಸ್ಪತ್ರೆ ಧಾರವಾಡದಲ್ಲಿ 1845ರಲ್ಲೇ ಆರಂಭವಾಯಿತು. 2015-16ರ ರಾಷ್ಟ್ರೀಯ ಸಮೀಕ್ಷೆಯು ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಮಾನಸಿಕ ಕಾಯಿಲೆಯಿಂದ ಬಳಲುತ್ತಿರುವುದನ್ನೂ ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆಯದಿರುವುದನ್ನೂ ಕಂಡುಕೊಂಡಿತು. ಈ ಲೆಕ್ಕದಿಂದ ನಮ್ಮ ಮೊಹಲ್ಲಾಗಳು ಹೊರತೆಂದು ಯಾರು ಹೇಳಬಲ್ಲರು?

ದಖನಿ ಉರ್ದು ಆಡುವ ತಾಯಿಯೊಬ್ಬಳು ತನ್ನ ಭಾಷೆ, ತನ್ನ ಮನೆಯ ರೀತಿನೀತಿ ಬಲ್ಲವರೆದುರು ಸುಲಭವಾಗಿ ಮನಬಿಚ್ಚುತ್ತಾಳೆ. ಅಂಥವರು ನಮ್ಮಲ್ಲಿ ಎಷ್ಟು ಮಂದಿಯಿದ್ದಾರೆ? ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವೂ ಇದೆ, ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗವೂ ಇದೆ. ಆದರೂ ಮಗಳು ಮೊದಲನೆಯದನ್ನು ಬಯಸಿದರೆ ‘ಹುಚ್ಚರ ಸಹವಾಸವೇಕೆ’ ಎನ್ನುತ್ತೇವೆ, ಎರಡನೆಯದನ್ನು ಬಯಸಿದರೆ ‘ಮನೆತನಕ್ಕೆ ತಕ್ಕುದಲ್ಲ’ ಎನ್ನುತ್ತೇವೆ. ಈ ಎರಡೂ ವಿದ್ಯೆಗಳು ಪರಸ್ಪರ ಪೂರಕವಾದವು. ಆತ್ಮಹತ್ಯೆಯ ಸುದ್ದಿಯನ್ನು ವಿಜೃಂಭಿಸಬಾರದು, ವಿಧಾನವನ್ನು ವಿವರಿಸಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಸೂಚಿಸಿತು. ಮನಸ್ಸನ್ನರಿತ ಪತ್ರಕರ್ತನಿಗೆ ಇದರ ಮಹತ್ವ ಬೇಗನೆ ತಿಳಿದೀತು.

ಇದು ಪರಕೀಯ ವಿದ್ಯೆಯೆಂಬ ಶಂಕೆಗೂ ಆಧಾರವಿಲ್ಲ. ಸಾವಿರ ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಆತ್ಮಗಳ ಸ್ವಾಸ್ಥ್ಯದ ಕುರಿತು ಗ್ರಂಥ ರಚಿಸಿ, ಭಯ, ದುಃಖ, ಕೋಪಗಳನ್ನು ಚರ್ಚಿಸಿದ್ದರು. ದುಆ ಮಾಡುವವನು ವೈದ್ಯರಲ್ಲಿಗೆ ಹೋಗಬಾರದೆಂದು ಯಾರು ಕಲಿಸಿದರು?

ಹೆತ್ತವರು ಒಂದನ್ನು ಗಮನಿಸಬೇಕು. ‘ಮನೆಯಲ್ಲೇ ಕುಳಿತು ಓದಲಿ’ ಎಂಬ ದಾರಿ ಈ ವಿಷಯದಲ್ಲಿ ಮುಚ್ಚಿದೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನೋವಿಜ್ಞಾನವನ್ನು ದೂರಶಿಕ್ಷಣ ಹಾಗೂ ಆನ್‌ಲೈನ್ ಮೂಲಕ ಬೋಧಿಸುವುದನ್ನು ಯುಜಿಸಿ ನಿಷೇಧಿಸಿದೆ. ಮಗಳನ್ನು ಕಾಲೇಜಿಗೆ ಕಳುಹಿಸಲೇಬೇಕು. ಪದವಿಯೊಂದರಿಂದಲೇ ಚಿಕಿತ್ಸಕಿಯಾಗಲೂ ಸಾಧ್ಯವಿಲ್ಲ. ಮುಂದೆ ಮಾನ್ಯತೆ ಪಡೆದ ತರಬೇತಿ, ನೋಂದಣಿಗಳು ಬೇಕು. ವರ್ಷಗಳು ಹಿಡಿಯುವ ಈ ಹಾದಿಯಲ್ಲಿ ಬಡ ಮನೆಯ ಮಕ್ಕಳು ಅರ್ಧಕ್ಕೆ ನಿಲ್ಲದಂತೆ ಜಮಾಅತ್‌ಗಳು ವಿದ್ಯಾರ್ಥಿವೇತನದ ಹೊಣೆ ಹೊರಬಾರದೇಕೆ?

ಅಂದಿನವರೆಗೆ ನೊಂದವರು ಕಾಯಬೇಕಾಗಿಲ್ಲ. ಸರಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416. ಅದನ್ನು ಪ್ರತಿ ಮಸೀದಿಯ ಫಲಕದಲ್ಲಿ ಬರೆದಿಡುವ ಕೆಲಸ ಬರುವ ಶುಕ್ರವಾರವೇ ಆಗಲಿ.