ಮೆಲ್ಲಗೆ ಓಡಲೊಲ್ಲದ ಮೋಟಾರು

ದೋಣಿಯ ಹಿಂಬದಿಗೆ ಕಚ್ಚಿಸುವ ಮೋಟಾರಿನ ವಿಷಯವನ್ನು ಈ ವಾರ ಬರೆಯುತ್ತೇನೆಂದಾಗ, ‘ವಾಚಕರಲ್ಲಿ ದೋಣಿಯುಳ್ಳವರು ಎಷ್ಟು ಮಂದಿ?’ ಎಂದು ಮನೆಯವರೇ ನಕ್ಕರು. ನಗಲಿ. ಹಳೆಯ ಎರಡು ಸ್ಟ್ರೋಕಿನ ಸ್ಕೂಟರನ್ನು ಕೆಂಪು ದೀಪದ ಮುಂದೆ ನಿಲ್ಲಿಸಿ, ಅದು ಆರಿಹೋಗದಂತೆ ಬಲಗೈ ತಿರುಚುತ್ತ ಬೆವರಿದವರಿಗೆಲ್ಲ ಈ ರೋಗ ಪರಿಚಿತವೇ. ಭೇದವಿಷ್ಟೆ: ರಸ್ತೆಯಲ್ಲಿ ಯಂತ್ರ ನಿಂತರೆ ಗಾಡಿಯೂ ನಿಲ್ಲುತ್ತದೆ, ನೀರಿನ ಮೇಲೆ ಯಂತ್ರ ನಿಂತರೆ ದೋಣಿ ನಿಲ್ಲುವುದಿಲ್ಲ.

ಹೊನ್ನಾವರದಲ್ಲಿ ಶರಾವತಿಯ ದಂಡೆಯಲ್ಲಿರುವ ನನ್ನ ಸೋದರಮಾವನ ಬಳಿ ಹತ್ತು ಅಶ್ವಶಕ್ತಿಯ, ಎರಡು ಸಿಲಿಂಡರಿನ ಅಂಥದೊಂದು ಮೋಟಾರಿದೆ. 1959ರ ಸುಮಾರಿನದು, ಅಮೆರಿಕದಲ್ಲಿ ತಯಾರಾಗಿ, ಮುಂಬಯಿಯ ಹಳೆಯ ಸಾಮಾನಿನ ಅಂಗಡಿಯೊಂದರ ಮೂಲಕ ಅವರ ಕೈಸೇರಿದ್ದು. ವೇಗವಾಗಿ ಓಡುವಾಗ ಅದಕ್ಕೆ ಯಾವ ಕೊರತೆಯೂ ಇರಲಿಲ್ಲ. ಧಕ್ಕೆಯ ಸಮೀಪಕ್ಕೆ ಬಂದು ವೇಗ ತಗ್ಗಿಸಿದರೆ ಮಾತ್ರ ಎರಡು ಬಾರಿ ಕೆಮ್ಮಿ ಆರಿಹೋಗುತ್ತಿತ್ತು. ಕಳೆದ ನವೆಂಬರಿನ ಒಂದು ಸಂಜೆ, ಎಂಟು ವರ್ಷದ ಮೊಮ್ಮಗಳನ್ನು ಕೂರಿಸಿಕೊಂಡು ಮರಳುತ್ತಿದ್ದಾಗಲೂ ಹಾಗೆಯೇ ಆಯಿತು. ಇಳಿತದ ಹೊತ್ತು, ನದಿಯ ನೀರೆಲ್ಲ ಅಳಿವೆಯತ್ತ ಸೆಳೆಯುತ್ತಿತ್ತು. ಹಗ್ಗ ಎಳೆದೆಳೆದು ಮಾವನ ತೋಳು ಸೋತಿತು. ಬಲೆ ಎತ್ತುತ್ತಿದ್ದ ಮೀನುಗಾರರು ಕಂಡು ಹಗ್ಗ ಎಸೆಯದಿದ್ದರೆ, ಕತ್ತಲಾಗುವ ಮುನ್ನ ದೋಣಿ ಸಮುದ್ರ ಸೇರುತ್ತಿತ್ತು. ಮಗು ಅದನ್ನೊಂದು ವಿನೋದವೆಂದೇ ಎಣಿಸಿತು. ಮಾವ ಆ ರಾತ್ರಿ ಊಟ ಮಾಡಲಿಲ್ಲ.

ಇದರಲ್ಲಿ ನನ್ನ ಪಾಲೂ ಉಂಟು. ಕೆಲವು ತಿಂಗಳ ಹಿಂದೆ, ‘ಕನಿಷ್ಠ ವೇಗದ ತಿರುಪನ್ನು ತುಸು ಏರಿಸಿಬಿಡಿ’ ಎಂದು ಸುಲಭದ ಸಲಹೆ ಕೊಟ್ಟವನು ನಾನೇ. ಏರಿಸಿದಾಗ ಯಂತ್ರ ಆರಲಿಲ್ಲ, ನಿಜ. ಆದರೆ ಗೇರು ಹಾಕಿದೊಡನೆ ಕೆಳಗಿನಿಂದ ಸುತ್ತಿಗೆ ಬಡಿದಂತೆ ಸದ್ದು. ಮೆಲ್ಲಗೆ ಕೂಡಿಕೊಳ್ಳಬೇಕಾದ ಕ್ಲಚ್ಚಿನ ಹಲ್ಲುಗಳು ವೇಗದಲ್ಲಿ ಬಡಿದರೆ ಅವುಗಳ ಮೂಲೆ ಸವೆದು, ಮುಂದೆ ಗೇರು ತಾನಾಗಿಯೇ ಜಾರತೊಡಗುತ್ತದೆ. ಮಾವ ಹೆದರಿ ತಿರುಪನ್ನು ಹಿಂದಕ್ಕೆ ತಂದರು. ರೋಗ ಇದ್ದಲ್ಲೇ ಉಳಿಯಿತು.

ಇಂಥ ಮೋಟಾರನ್ನು ಜನಪ್ರಿಯಗೊಳಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್. ಪ್ರೇಯಸಿಗೆಂದು ಸರೋವರದಾಚೆಯಿಂದ ಹುಟ್ಟುಹಾಕಿಕೊಂಡು ತಂದ ಐಸ್‌ಕ್ರೀಮ್ ದಾರಿಯಲ್ಲೇ ಕರಗಿಹೋದುದು ಅವನಿಗೆ ಪ್ರೇರಣೆಯಾಯಿತೆಂದು ಕಥೆ. 1909ರ ಅವನ ಯಂತ್ರಕ್ಕೆ ಒಂದೂವರೆ ಅಶ್ವಶಕ್ತಿ, 62 ಪೌಂಡು ತೂಕ. ಮುಂದಿನ ಐವತ್ತು ವರ್ಷಗಳಲ್ಲಿ ಸಿಲಿಂಡರು ಹೆಚ್ಚಿತು, ಗೇರು ಬಂದಿತು. ಮೂಲತತ್ತ್ವ ಅದೇ ಉಳಿಯಿತು. ವೇಗದಲ್ಲಿ ಗಾಳಿಯೂ ಪೆಟ್ರೋಲೂ ಧಾರಾಳವಾಗಿ ನುಗ್ಗುವುದರಿಂದ ಸಣ್ಣಪುಟ್ಟ ದೋಷಗಳು ಮುಚ್ಚಿಹೋಗುತ್ತವೆ. ನಿಧಾನಗತಿಯಲ್ಲಾದರೋ ಕಾರ್ಬ್ಯುರೇಟರಿನ ಗಾಳಿಬಾಗಿಲು ಬಹುತೇಕ ಮುಚ್ಚಿದ್ದು, ಸೂಜಿಮೊನೆಯಂಥ ಒಂದೆರಡು ರಂಧ್ರಗಳಿಂದ ಬರುವ ಹನಿಗಳೇ ಯಂತ್ರದ ಆಹಾರ. ಅಲ್ಲಿ ಒಂದು ಕಸ ಸಿಕ್ಕಿದರೂ, ಸವೆದ ಗ್ಯಾಸ್ಕೆಟ್ಟಿನ ಸಂದಿನಿಂದ ಒಂದಿಷ್ಟು ಗಾಳಿ ನುಸುಳಿದರೂ ಕೆಲಸ ಕೆಟ್ಟಿತು.

ಬಹುಮಂದಿ ಮೊದಲು ಕಾರ್ಬ್ಯುರೇಟರಿಗೇ ಕೈಹಾಕುತ್ತಾರೆ. ಅದು ಆತುರ. ಮೊದಲು ನೋಡಬೇಕಾದುದು ಸಿಲಿಂಡರಿನ ಒತ್ತಡ. ಅದು ಕುಸಿದಿದ್ದರೆ ಉಳಿದ ಉಪಚಾರವೆಲ್ಲ ವ್ಯರ್ಥ. ನಮ್ಮದರಲ್ಲಿ ಒಂದರಲ್ಲಿ 90, ಇನ್ನೊಂದರಲ್ಲಿ 88 ಪೌಂಡು ಬಂದು ಸಮಾಧಾನವಾಯಿತು. ಅನಂತರ ಕಿಡಿ. ಕಾಲಿಂಚಿನ ಅಂತರವನ್ನು ನೀಲಿಯ ಕಿಡಿ ಚಟ್ಟನೆ ಹಾರಬೇಕು. ಮೇಲಿನ ಸಿಲಿಂಡರಿನಲ್ಲಿ ಹಾರಿತು. ಕೆಳಗಿನದರಲ್ಲಿ ಹಳದಿಯಾಗಿ ಮಿಣುಕಿತು. ಗಾಲಿಯನ್ನು ಬಿಚ್ಚಿದರೆ ಒಳಗಿನ ಕಾಯಿಲ್ ಬಿರುಕು ಬಿಟ್ಟಿತ್ತು. ಅದನ್ನು ಬದಲಿಸಿ, ಪಾಯಿಂಟುಗಳನ್ನು ಒರೆಸಿ, ಅವುಗಳ ಅಂತರವನ್ನು ಇಂಚಿನ ಸಾವಿರದ 20 ಭಾಗಕ್ಕೆ ತಂದೆವು. ಗೆದ್ದೆವೆಂದು ಚಹಾ ಕುಡಿದು ಬಂದು ನೋಡಿದರೆ, ಮೊದಲಿಗಿಂತ ಅರ್ಧ ನಿಮಿಷ ಹೆಚ್ಚು ಓಡಿ ಮತ್ತೆ ಆರಿತು!

ಆಗ ಕಾರ್ಬ್ಯುರೇಟರನ್ನು ಬಿಚ್ಚಿದೆವು. ತಳದಲ್ಲಿ ಕಂದುಬಣ್ಣದ ಅಂಟು; ರಂಧ್ರಗಳಲ್ಲಿಯೂ ಅದೇ. ಇದೆಲ್ಲಿಂದ ಬಂದಿತೆಂದು ಬಹಳ ಹೊತ್ತು ತಿಳಿಯಲಿಲ್ಲ. ಹಳೆಯ ಮೋಟಾರುಗಳಲ್ಲಿ ಪೆಟ್ರೋಲಿನ ಮಟ್ಟ ಕಾಯುವ ತೇಲುಬಿಲ್ಲೆ ಬೆಂಡಿನದು. ಅದು ನೆನೆಯದಿರಲೆಂದು ಅರಗಿನ ಲೇಪ ಕೊಡುತ್ತಿದ್ದರು. ಅರಗು ಪೆಟ್ರೋಲಿಗೆ ಜಗ್ಗದು. ಆದರೆ ಮದ್ಯಸಾರದಲ್ಲಿ ಕರಗುತ್ತದೆ. ನಮ್ಮ ದೇಶದ ಪೆಟ್ರೋಲಿನಲ್ಲಿ ಮದ್ಯಸಾರದ ಪಾಲು 2025ರಲ್ಲಿ ನೂರಕ್ಕೆ 20ಕ್ಕೆ ಏರಿತಷ್ಟೆ? ಅರವತ್ತು ವರ್ಷ ಗಟ್ಟಿಯಾಗಿ ನಿಂತ ಲೇಪ ಹೊಸ ಇಂಧನದಲ್ಲಿ ಸುಲಿದು, ರಂಧ್ರಗಳಿಗೆ ಅಂಟಿಕೊಂಡಿತ್ತು. ಬೆಂಡು ನೆನೆದು ಭಾರವಾಗಿತ್ತು. ಬಿಲ್ಲೆಯನ್ನು ಒಣಗಿಸಿ ಸೂಪರ್ ಗ್ಲೂ ಸವರಿ, ರಂಧ್ರಗಳನ್ನು ದ್ರಾವಕದಿಂದ ತೊಳೆದು ಗಾಳಿ ಊದಿ, ಗ್ಯಾಸ್ಕೆಟ್ಟುಗಳನ್ನೆಲ್ಲ ಹೊಸದು ಹಾಕಿದೆವು. ತಂತಿಯಿಂದ ಚುಚ್ಚುವ ಆಸೆಯನ್ನು ಮಾವ ತಡೆದರು. ರಂಧ್ರ ಅಗಲವಾದರೆ ಅದಕ್ಕೆ ಮದ್ದಿಲ್ಲ.

ಕೊನೆಯ ಕೆಲಸ ಮಿಶ್ರಣದ ಸೂಜಿ. ಅದನ್ನು ಹಗುರವಾಗಿ ಪೂರ್ತಿ ಮುಚ್ಚಿ (ಒತ್ತಿದರೆ ಮೊನೆ ಗಾಯಗೊಳ್ಳುತ್ತದೆ) ಒಂದೂವರೆ ಸುತ್ತು ತೆರೆಯಬೇಕು. ಯಂತ್ರವನ್ನು ಒಣನೆಲದಲ್ಲಿ ಎಂದೂ ಓಡಿಸಬಾರದು. ತಂಪಿನ ನೀರೆತ್ತುವ ರಬ್ಬರು ಚಕ್ರ ಕ್ಷಣಗಳಲ್ಲಿ ಸುಟ್ಟೀತು. ನೀರು ತುಂಬಿದ ಪೀಪಾಯಿ ಪರೀಕ್ಷೆಗೆ ಸಾಕಾದರೂ, ಕೊನೆಯ ಹೊಂದಾಣಿಕೆ ನದಿಯಲ್ಲಿಯೇ, ಗೇರಿನಲ್ಲಿಯೇ ಆಗಬೇಕು. ದೋಣಿಯನ್ನು ಧಕ್ಕೆಗೆ ಬಿಗಿದು, ಯಂತ್ರ ಬಿಸಿಯಾದ ಮೇಲೆ ಸೂಜಿಯನ್ನು ಸುತ್ತಿನ ಎಂಟನೆಯ ಒಂದು ಭಾಗದಷ್ಟು ಮುಚ್ಚುತ್ತ, ಪ್ರತಿಸಲವೂ ಹದಿನೈದು ಸೆಕೆಂಡು ಕಾಯುತ್ತ ಹೋದೆವು. ಯಂತ್ರ ಸೀನಿತು, ಪೆಟ್ರೋಲು ಸಾಲದೆಂದು ಅರ್ಥ. ಕಾಲು ಸುತ್ತು ಹಿಂದಕ್ಕೆ ತೆರೆದೊಡನೆ ಸದ್ದು ಸಮವಾಯಿತು.

ಹತ್ತು ನಿಮಿಷ ಇಬ್ಬರೂ ಮಾತಿಲ್ಲದೆ ಆಲಿಸಿದೆವು. ಆರಲಿಲ್ಲ. ಮಾವ ಮನೆಗೆ ಹೋಗಿ ಮೊಮ್ಮಗಳನ್ನು ಕರೆತಂದರು. ಬರುವಾಗ ಹೆಗಲ ಮೇಲೆ ಹೊಸದೊಂದು ಲಂಗರೂ ಎರಡು ಹುಟ್ಟುಗಳೂ ಇದ್ದವು.