ಮಗ್ಗ ಬಿಟ್ಟ ಕಾಲಿಗೆ ದಾರಿ ಬೇಕು

ಜೀವಮಾನವೆಲ್ಲ ಮಗ್ಗ ತುಳಿದ ಕಾಲಿಗೆ ಮತ್ತೆ ಯಾವ ವ್ಯಾಯಾಮ? ಬನಹಟ್ಟಿ, ರಬಕವಿಯ ಹಿರಿಯ ನೇಕಾರರಿಗೆ ದಿನಾ ನಡೆಯಿರಿ ಎಂದರೆ ಈ ಪ್ರಶ್ನೆ ಏಳುವುದು ಸಹಜ, ಅದರಲ್ಲಿ ನ್ಯಾಯವೂ ಇದೆ. ಆದರೆ ದಣಿವು ಬೇರೆ, ಉಸಿರು ಏರಿಸುವ ನಡಿಗೆ ಬೇರೆ. ಕುಣಿಮಗ್ಗದಲ್ಲಿ ಕಾಲು ದುಡಿದರೂ ಮೈ ಕೂತಲ್ಲೇ ಇರುತ್ತದೆ. ವಿದ್ಯುತ್ ಮಗ್ಗದ ಮುಂದೆ ತಾಸುಗಟ್ಟಲೆ ನಿಂತರೆ ಕಾಲು ಬಾತುಕೊಳ್ಳಬಹುದು, ಎದೆಬಡಿತ ಅಷ್ಟಾಗಿ ಏರುವುದಿಲ್ಲ. ಕಂಡಿಕೆ ಸುತ್ತುವ ಹೆಂಗಸರದೂ ಕೂತು ಮಾಡುವ ಕೆಲಸವೇ. ಮುಂದೆ ಕಣ್ಣು, ಬೆನ್ನು ಸೋತು ಮಗ್ಗ ಬಿಟ್ಟ ಮೇಲೆ ಅಷ್ಟು ಚಲನೆಯೂ ನಿಂತು, ದಿನವೆಲ್ಲ ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಕಳೆಯುತ್ತದೆ. ಮಿದುಳಿಗೆ ಹೊಡೆತ ಬೀಳುವುದು ಇಲ್ಲೇ.

ಅಮೆರಿಕದಲ್ಲಿ ಕಿರ್ಕ್ ಎರಿಕ್ಸನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಕೂತೇ ಕಾಲ ಕಳೆಯುತ್ತಿದ್ದ 120 ಹಿರಿಯರಲ್ಲಿ ಒಂದು ಗುಂಪಿನವರು ವಾರಕ್ಕೆ ಮೂರು ದಿನ 40 ನಿಮಿಷ ಬಿರುಸಾಗಿ ನಡೆದರು, ಇನ್ನೊಂದು ಗುಂಪಿನವರು ಮೈ ಸಡಿಲಿಸುವ ಕಸರತ್ತನ್ನಷ್ಟೇ ಮಾಡಿದರು. ವರ್ಷದ ಕೊನೆಗೆ ನಡೆದವರಲ್ಲಿ ನೆನಪಿನ ನೆಲೆಯಾದ ಹಿಪೊಕ್ಯಾಂಪಸ್ ಸುಮಾರು ಶೇ 2ರಷ್ಟು ಹಿಗ್ಗಿತ್ತು, ಉಳಿದವರಲ್ಲಿ ಕುಗ್ಗಿತ್ತು. ನಡಿಗೆ ರಕ್ತದೊತ್ತಡ, ಸಕ್ಕರೆ ಎರಡನ್ನೂ ಹಿಡಿತದಲ್ಲಿಡಲು ನೆರವಾಗುತ್ತದೆ, ಅದು ಮಿದುಳಿನ ಸಣ್ಣ ರಕ್ತನಾಳಗಳಿಗೂ ಒಳ್ಳೆಯದು. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ಬಿರುಸು ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಲೆಕ್ಕ ವಾರಕ್ಕೆ 150 ನಿಮಿಷ. ಉಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ನೂರಾರು ಮೈಲಿ ನಡೆದುಹೋಗುವ ಭಕ್ತರಿರುವ ಸೀಮೆ ನಮ್ಮದು, ನಡಿಗೆ ನಮಗೆ ಹೊಸದಲ್ಲ. ವರ್ಷಕ್ಕೊಮ್ಮೆಯ ಆ ಶ್ರದ್ಧೆ ವಾರವಾರವೂ ಬೇಕು, ಅಷ್ಟೇ.

ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ ಎಂಬ ಆಕ್ಷೇಪವನ್ನು ಮುಚ್ಚಿಡಬಾರದು. ಅಮೆರಿಕದಲ್ಲೇ 70 ದಾಟಿದ 1,635 ಜನರನ್ನು ಎರಡು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆರೋಗ್ಯದ ಪಾಠವನ್ನಷ್ಟೇ ಕೇಳಿದವರಿಗಿಂತ ವ್ಯಾಯಾಮ ಮಾಡಿದವರ ಬುದ್ಧಿಶಕ್ತಿ ಒಟ್ಟಾರೆ ಉತ್ತಮವಾಗಿರಲಿಲ್ಲ. ಬ್ರಿಟನ್ನಿನಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಮರೆವಿನ ಕಾಯಿಲೆ ಆಗಲೇ ಹಿಡಿದವರಿಗೆ ಕಠಿಣ ವ್ಯಾಯಾಮದಿಂದ ಕಾಯಿಲೆ ನಿಧಾನವಾಗಲಿಲ್ಲ. ಆದ್ದರಿಂದ ನಡೆದರೆ ಮರೆವು ಬರುವುದೇ ಇಲ್ಲವೆಂದು ಯಾರಾದರೂ ಹೇಳಿದರೆ ಅದು ಸುಳ್ಳು ಭರವಸೆ. ಆದರೆ ಆ 1,635 ಜನರಲ್ಲೇ 80 ದಾಟಿದವರಿಗೆ, ಮೊದಲೇ ಶಕ್ತಿಗುಂದಿದ್ದವರಿಗೆ ಯೋಚನೆಯ ಚುರುಕಿನಲ್ಲಿ ಲಾಭ ಕಂಡಿತ್ತು. ನಡೆಯಲಾಗದೆ ಮೂಲೆ ಹಿಡಿಯುವ ಸಾಧ್ಯತೆ ವ್ಯಾಯಾಮ ಮಾಡಿದ ಗುಂಪಿನಲ್ಲಿ ಕಡಿಮೆಯಾಗಿತ್ತು ಎಂಬುದು ಅದೇ ಪ್ರಯೋಗದ ಇನ್ನೊಂದು ಫಲ. ಮನೆಯಿಂದ ಹೊರಬಂದು ನಾಲ್ಕು ಜನರೊಡನೆ ಮಾತಾಡುವುದೂ ಮಿದುಳಿಗೆ ಬೇಕಾದ ಆಹಾರವಲ್ಲವೇ?

ಅರವತ್ತಕ್ಕೆ ಅರಳು ಮರಳು ಎಂದು ಕೈಚೆಲ್ಲುವುದು ನನಗೆ ಹೆಚ್ಚು ನೋವು ಕೊಡುವ ಮಾತು. ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇದೆ ಎಂದು 2023ರ ಅಂದಾಜು ಹೇಳುತ್ತದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಅದು ಹೆಚ್ಚು. ಆದರೂ ಒಟ್ಟು ಲೆಕ್ಕದಲ್ಲಿ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಹಿರಿಯರಿಗೆ ಆ ಕಾಯಿಲೆಯೇ ಇಲ್ಲ. ಮರೆವು ಮುಪ್ಪಿನ ಹಣೆಬರಹವಲ್ಲ. ಮಂಡಿನೋವಿನವರು ವೈದ್ಯರನ್ನು ಕೇಳಿ ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಬಹುದು. ಹೆಂಗಸರ ಅಡ್ಡಿ ಬೇರೆ: ಮುದುಕಿ ಬೀದಿಯಲ್ಲಿ ಸುಮ್ಮನೆ ಅಡ್ಡಾಡಿದರೆ ಜನ ಏನಂದಾರು ಎಂಬ ಅಂಜಿಕೆ. ಅದನ್ನು ಮುರಿಯಬೇಕಾದವರು ಮನೆಯ ಮಕ್ಕಳು, ಸೊಸೆಯಂದಿರು. ಉಳಿದದ್ದು ನಗರಸಭೆಯ ಪಾಲು. ಕಬ್ಬಿನ ಟ್ರ್ಯಾಕ್ಟರುಗಳು ಓಡುವ ರಸ್ತೆಯ ಅಂಚಿನಲ್ಲಿ ಮುದಿಜೀವ ಬಿರುಸಾಗಿ ನಡೆಯಲಾರದು, ಬೇಸಿಗೆಯಲ್ಲಂತೂ ಬಿಸಿಲೇರುವ ಮುಂಚೆಯೇ ನಡಿಗೆ ಮುಗಿಯಬೇಕು. ಶಾಲೆಯ ಗಂಟೆ ಬಾರಿಸುವ ಮುನ್ನ ಮೈದಾನದ ಗೇಟು ತೆರೆದಿರಲಿ, ಅಲ್ಲೊಂದು ದೀಪ, ಕೂರಲು ನಾಲ್ಕು ಕಲ್ಲುಬೆಂಚು ಇರಲಿ.