ಮಗನ ಫೋನು, ಅಪ್ಪನ ಭಯ



ಹೋದ ತಿಂಗಳು ಒಂದು ರಾತ್ರಿ, ನನಗಿಂತ ಹತ್ತು ವರ್ಷ ಹಿರಿಯರಾದ ಗೆಳೆಯರೊಬ್ಬರು ಫೋನ್ ಮಾಡಿದರು. "ನೋಡಪ್ಪಾ, ನೀನು ಸಾಫ್ಟ್‌ವೇರ್‌ನವನು. ಮಗನ ಫೋನಿಗೆ ಬರೋ ಮೆಸೇಜೆಲ್ಲ ನನಗೂ ಕಾಣೋ ಹಾಗೆ ಏನಾದರೂ ಹಾಕಿಕೊಡ್ತೀಯಾ?" ಎಂದರು.

ಮಗನಿಗೆ ಹದಿನಾರು. ಗಾಂಜಾ ವೇಪ್ ಚಟಕ್ಕೆ ಚಿಕಿತ್ಸೆ ಮುಗಿಸಿ ಮನೆಗೆ ಬಂದು ಆರು ವಾರವಾಗಿತ್ತು. ವಾರಕ್ಕೆರಡು ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು, ಕೌನ್ಸೆಲರ್ ಒಬ್ಬರು ನಡೆಸುವ ವಿಡಿಯೋ ಗುಂಪಿನಲ್ಲಿ ತನ್ನಂಥ ಹುಡುಗ ಹುಡುಗಿಯರೊಡನೆ ಮಾತಾಡುತ್ತಾನೆ. ಉಳಿದ ದಿನ ಅವರಲ್ಲೇ ಮೆಸೇಜು. ಏನು ಮಾತಾಡುತ್ತಾನೋ ಎಂಬುದೇ ಅಪ್ಪನ ಚಿಂತೆ.

ಕೆಲಸ ಕಷ್ಟದ್ದಲ್ಲ. ಆದರೂ "ಆಗಲ್ಲ ಸಾರ್" ಎಂದೆ. ಅವರಿಗೆ ಬೇಜಾರಾಯಿತು. ಯಾಕೆ ಹಾಗೆಂದೆ ಎಂದು, ಅಪ್ಪ ಮಗ ಇಬ್ಬರೂ ಒಪ್ಪಿದ ಮೇಲೆಯೇ, ಇಲ್ಲಿ ಬರೆಯುತ್ತಿದ್ದೇನೆ.

ಚಿಕಿತ್ಸೆ ಮುಗಿದರೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತೇವೆ, ಬಗ್ ಫಿಕ್ಸ್ ಆದ ಹಾಗೆ. ಹಾಗಲ್ಲ. ಅಮೆರಿಕ ಸರ್ಕಾರದ ಮಾದಕ ವ್ಯಸನ ಸಂಶೋಧನಾ ಸಂಸ್ಥೆಯ ಪ್ರಕಾರ, ಚಿಕಿತ್ಸೆ ಪಡೆದವರಲ್ಲಿ ಶೇ. 40ರಿಂದ 60 ಮಂದಿ ಮತ್ತೆ ಜಾರುತ್ತಾರೆ. ಬಿ.ಪಿ., ಆಸ್ತಮಾ ಮರುಕಳಿಸುವುದೂ ಹೆಚ್ಚುಕಡಿಮೆ ಹೀಗೇ. ಎಡವಿದ ಕಾಲೇ ಎಡವುತ್ತದೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಮ್ಮ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿ ಅಲನ್ ಮಾರ್ಲಟ್, ಜುಡಿತ್ ಗಾರ್ಡನ್ ಜೊತೆ 1985ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ತಂದರು. ಹೆಚ್ಚಾಗಿ ಜಾರುವುದು ಮನಸ್ಸು ಕೆಟ್ಟಾಗ, ಜಗಳವಾದಾಗ, ಜೊತೆಯವರು "ಒಂದೇ ಸಲ" ಎಂದು ಒತ್ತಾಯಿಸಿದಾಗ ಎಂದರು. ಒಮ್ಮೆ ಎಡವುವುದು ಬೇರೆ, ಪೂರ್ತಿ ಬೀಳುವುದು ಬೇರೆ. ಎಡವಿದವನು ನಾಚಿಕೆಯಿಂದ "ಇನ್ನು ನನ್ನ ಕೈಲಾಗದು" ಎಂದುಕೊಂಡರೆ, ಬೀಳುವುದು ಸುಲಭ.

ಈ ಗಳಿಗೆಗಳು ಅಪಾಯಿಂಟ್‌ಮೆಂಟ್ ನೋಡಿಕೊಂಡು ಬರುವುದಿಲ್ಲ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಬರುತ್ತವೆ. ಆಗ ಹುಡುಗನ ಕೈಯಲ್ಲಿರುವುದು ಫೋನೊಂದೇ. ಅದರಲ್ಲಿ ವೇಪ್ ಮಾರುವವನೂ ಸಿಗಬಹುದು, ನಿಜ. ಆದರೆ "ನನಗೂ ಹೀಗೇ ಆಗಿತ್ತು, ಹತ್ತು ನಿಮಿಷ ತಡಿ" ಎನ್ನುವ ಗೆಳೆಯನೂ ಅದರಲ್ಲೇ ಸಿಗುತ್ತಾನೆ. ಅಪ್ಪ ಕದ್ದು ಓದುತ್ತಾರೆಂದು ಗೊತ್ತಾದ ದಿನವೇ ಮಗ ಅಲ್ಲಿ ನಿಜ ಹೇಳುವುದನ್ನು ಬಿಡುತ್ತಾನೆ. ಅಲ್ಲದೆ ಆ ಮೆಸೇಜುಗಳಲ್ಲಿ ಬೇರೆಯವರ ಮಕ್ಕಳ ಗುಟ್ಟೂ ಇದೆ. ವಾಷಿಂಗ್ಟನ್ ರಾಜ್ಯದಲ್ಲಿ 13 ತುಂಬಿದವರು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆಯೂ ಹೊರರೋಗಿಯಾಗಿ ಇಂಥ ಚಿಕಿತ್ಸೆ ಪಡೆಯಬಹುದು. ಕಾನೂನೇ ಅಷ್ಟು ನಂಬುವಾಗ ನಾವು ಸ್ವಲ್ಪ ನಂಬಬಾರದೇ?

ಹಾಗೆಂದು ಕಣ್ಣು ಮುಚ್ಚಿ ಕೂರಿ ಎನ್ನುತ್ತಿಲ್ಲ. ಗುಂಪು ನಡೆಸುವವರಿಗೆ ಲೈಸೆನ್ಸ್ ಇದೆಯೇ, ಜೀವಕ್ಕೆ ಅಪಾಯವೆನಿಸಿದರೆ ನಮಗೆ ತಿಳಿಸುತ್ತಾರೆಯೇ ಎಂದು ಮಗನ ಎದುರಿಗೇ ಕೇಳಿ. 2022ರಲ್ಲಿ ಶುರುವಾದ 988 ನಂಬರನ್ನು ಅವನ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ. ಹಗಲು ರಾತ್ರಿ ಕರೆ ಮಾಡಬಹುದು, ಮೆಸೇಜೂ ಕಳಿಸಬಹುದು.

ಇನ್ನು ನಮ್ಮ ಪಾಲಿನದು. "ಜನ ಏನಂದಾರು" ಎಂದು ಹೆದರಿ ಇಂಥ ಮನೆಯವರು ಮೊದಲು ಬಿಡುವುದು ಸಂಘದ ಹಬ್ಬಗಳಿಗೆ ಬರುವುದನ್ನು. ಆ ಜನ ಎಂದರೆ ನಾವೇ ತಾನೆ? ಮುಂದಿನ ಸಲ ಅವರು ಬಂದರೆ ಏನೂ ಕೇಳುವುದು ಬೇಡ, ಊಟಕ್ಕೆ ಪಕ್ಕದಲ್ಲಿ ಕೂರೋಣ.

ಏನಂತೀರಿ?